ಜಗಲಿಯ ಮೇಲಿನ ಹೂಕುಂಡಗಳು

ಹೊಳೆದಂಡೆಯ ಆ ಸಂಗೀತ ಪಾಠಶಾಲೆಗೆ ಹೊಸ ವರ್ಷ ಹುಟ್ಟುವುದು ಯುಗಾದಿಗಲ್ಲ, ವಿಜಯದಶಮಿಗೆ.

ಆ ವರ್ಷದ ವಿಜಯದಶಮಿಯಂದು ಶೇಷಗಿರಿ ಭಾಗವತರು ಪಾಠಶಾಲೆಯ ಬೀಗದ ಕೈಯನ್ನು ಶಿಷ್ಯೆ ಕನಕವಲ್ಲಿಗೆ ಕೊಟ್ಟರು. ಇಪ್ಪತ್ತು ವರ್ಷ ಅವರ ಬಳಿ ಕಲಿತವಳು ಅವಳು.

"ನನಗೆ ಈಗ ಉಸಿರು ನಿಲ್ಲೋದಿಲ್ಲ. ಇನ್ನು ಪಾಠ ನೀನು ನೋಡ್ಕೋ," ಎಂದರು. "ಸಂಕ್ರಾಂತಿಗೆ ಬರ್ತೀನಿ. ನಿನ್ನ ಕೈಲಿ ಇದು ನಡೆಯುತ್ತೆ ಅನ್ನಿಸಿದ್ರೆ ಪಾಠಶಾಲೆ ನಿಂದು. ಇಲ್ದಿದ್ರೆ ಎಲ್ಲರನ್ನೂ ಪೇಟೆ ವಿದ್ವಾಂಸರ ಹತ್ರ ಕಳಿಸಿಬಿಡೋಣ."

ಕನಕಳಿಗೆ ಆ ಪಾಠಶಾಲೆ ಬಿಟ್ಟರೆ ಬೇರೆ ಪ್ರಪಂಚವಿರಲಿಲ್ಲ. ಟೊಂಕ ಕಟ್ಟಿ ನಿಂತಳು.

ಭಾಗವತರ ಕಾಲದಲ್ಲಿ ವೇಳೆ ಗೀಳೆ ಎಂಬುದೇ ಇರಲಿಲ್ಲ. ಬಂದವರು ಜಗಲಿಯ ಮೇಲೆ ಕೂರುವುದು, ಕರೆದಾಗ ಒಳಗೆ ಹೋಗುವುದು. ಅಲ್ಲಿಯವರೆಗೆ ಯಾರೋ ಹೂ ಕಟ್ಟುತ್ತ, ಯಾರೋ ಸೊಪ್ಪು ಬಿಡಿಸುತ್ತ ಗಂಟೆಗಟ್ಟಲೆ ಕಾಯುತ್ತಿದ್ದರು. ಕನಕಳ ಅರ್ಧ ಬಾಲ್ಯ ಆ ಜಗಲಿಯಲ್ಲೇ ಕಳೆದಿತ್ತು. ಅದರ ಮೇಲೆ ಅವಳಿಗೆ ಹಳೆಯ ಸಿಟ್ಟು.

ದೊಡ್ಡ ಡ್ರಾಯಿಂಗ್ ಹಾಳೆ ತಂದು ಮೂರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ವೇಳಾಪಟ್ಟಿ ಬರೆದು ಜಗಲಿಯ ಗೋಡೆಗೆ ಅಂಟಿಸಿದಳು. ಒಬ್ಬೊಬ್ಬರಿಗೆ ಅರ್ಧ ಗಂಟೆ. ಹೊತ್ತಿಗೆ ಮುಂಚೆ ಯಾರೂ ಬರಕೂಡದು. ಪಾಠ ನಡೆಯುವಾಗ ಬಾಗಿಲು ಹಾಕಿರಬೇಕು. ಖಾಲಿಯಾದ ಜಗಲಿಯ ಮೇಲೆ ಆರು ಹೂಕುಂಡ ತಂದಿಟ್ಟಳು.

"ಈಗ ನೋಡಿ ಒಂದು ಶಿಸ್ತು ಬಂತು," ಎಂದು ಎಲ್ಲರೂ ಹೊಗಳಿದರು. ಕನಕ ಉಬ್ಬಿಹೋದಳು.

ಕಾರ್ತಿಕ ಕಳೆಯುವ ಹೊತ್ತಿಗೆ ಒಂದು ವಿಚಿತ್ರ ಕಾಣಿಸಿತು. ಹೇಳಿಕೊಟ್ಟದ್ದನ್ನು ಎಲ್ಲರೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಆದರೆ ಹೊಸ ರಾಗ ಎತ್ತಿಕೊಂಡರೆ ಸಾಕು, ಪರವೂರಿನಲ್ಲಿ ಬಸ್ಸಿಳಿದವರ ಹಾಗೆ ಮಿಕಮಿಕ ನೋಡುತ್ತಿದ್ದರು. ಹತ್ತು ವರ್ಷದ ನವ್ಯಾ ಹಾಗೆ, ಟೈಲರ್ ಪುಟ್ಟಲಿಂಗಪ್ಪನೂ ಹಾಗೆ.

"ಮೊದ್ಲೆಲ್ಲ ಹೊಸ ಪಾಠ ಅಂದ್ರೆ ಎಲ್ಲೋ ಕೇಳಿದಂಗಿರ್ತಿತ್ತು ಕನಕಮ್ಮ," ಎಂದ ಪುಟ್ಟಲಿಂಗಪ್ಪ. "ಈಗ ಎಲ್ಲಾ ಕಬ್ಬಿಣದ ಕಡ್ಲೆ ಆಗ್ಬಿಟ್ಟದೆ. ನಂಗೇ ವಯಸ್ಸಾಯ್ತೇನೋ. ಬಿಟ್ಬಿಡ್ಲಾ ಅಂತ."

ಕನಕ ಅರ್ಧ ಗಂಟೆಯನ್ನು ಮುಕ್ಕಾಲು ಗಂಟೆ ಮಾಡಿದಳು. ಏನೂ ಬದಲಾಗಲಿಲ್ಲ. ಪಾಠ ಅದೇ, ಹೇಳಿಕೊಡುವ ಕ್ರಮವೂ ಅದೇ. ಗುರುಗಳು ಯಾವುದೋ ಒಂದು ಗುಟ್ಟನ್ನು ತನಗೆ ಹೇಳಿಲ್ಲ ಎನ್ನಿಸಿತು. ಅದೇನೆಂದು ತಿಳಿಯದೆ ಊಟವೂ ರುಚಿಸದಾಯಿತು.

ಕೊನೆಗೆ ಅವರ ಮನೆಗೇ ಹೋದಳು. ಭಾಗವತರು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಗುರುಗಳೇ, ನಾನು ಮಾಡ್ತಿರೋ ತಪ್ಪೇನು?"

"ತೋಡಿ ರಾಗ ಸ್ವಲ್ಪ ಹಾಡು."

ಅವಳು ಆಲಾಪನೆ ಮಾಡಿದಳು. ಅವರ ಕೈ ಅವರೆಕಾಯಿಯ ಮೇಲೆ ಹಾಗೇ ನಿಂತಿತು.

"ಚೆನ್ನಾಗಿದೆ. ಯಾರು ಹೇಳಿಕೊಟ್ಟಿದ್ದು?"

"ನೀವೇ ಅಲ್ವೇ?"

"ನಾನಾ? ನಿನಗೆ ತೋಡೀನಾ?" ಮುದುಕರ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ಯಾವತ್ತು ಅಂತ ನೋಡ್ಕೊಂಡು ಬಾ."

ಹೊಸ ರಾಗ ಶುರು ಮಾಡುವಾಗ ಶಿಷ್ಯರ ಪುಸ್ತಕದಲ್ಲಿ ಗುರುಗಳೇ ದಿನಾಂಕ ಬರೆದುಕೊಡುವುದು ಅಲ್ಲಿನ ಪದ್ಧತಿ. ಕನಕ ಅಟ್ಟದಿಂದ ತನ್ನ ಏಳು ಪುಸ್ತಕಗಳನ್ನೂ ಇಳಿಸಿ ಹಾಳೆ ಹಾಳೆ ಹುಡುಕಿದಳು. ತೋಡಿ ಇರಲಿಲ್ಲ. ತನಗೆ ಚೆನ್ನಾಗಿ ಬರುವ ಕಾಂಬೋಧಿಯೂ ಇರಲಿಲ್ಲ.

ಹಾಗಾದರೆ ಬಂದದ್ದು ಎಲ್ಲಿಂದ?

ಆಗ ನೆನಪಾದವಳು ನರ್ಸ್ ಗ್ರೇಸಮ್ಮ. ಒಂದು ಇಡೀ ಬೇಸಗೆ ಭಾಗವತರು ಗ್ರೇಸಮ್ಮನಿಗೆ ತೋಡಿ ತಿದ್ದಿದ್ದರು. ಹೊರಗೆ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತ, ಈ ಹೆಂಗಸಿಗೆ ಇವತ್ತಾದರೂ ಇದು ಬರಬಾರದೆ, ನನ್ನನ್ನು ಒಳಗೆ ಕರೆಯಬಾರದೆ ಎಂದು ಹನ್ನೆರಡು ವರ್ಷದ ಕನಕ ದಿನವೂ ಗೊಣಗುತ್ತಿದ್ದಳು.

ಪುಸ್ತಕ ಮುಚ್ಚಿ ಅವಳು ಒಬ್ಬಳೇ ನಕ್ಕಳು. ನಾಚಿಕೆಯೂ ಆಯಿತು.

ಮರುದಿನವೇ ವೇಳಾಪಟ್ಟಿಗೆ ನಾಲ್ಕನೆಯ ಬಣ್ಣದಲ್ಲಿ ಒಂದು ಸಾಲು ಸೇರಿತು. 'ಕೇಳುವ ತರಗತಿ. ಶನಿವಾರ ನಾಲ್ಕರಿಂದ ಐದು. ಹಾಜರಾತಿ ಕಡ್ಡಾಯ.'

ಶನಿವಾರ ಎಲ್ಲರೂ ಬಂದು ಬೆನ್ನು ನೆಟ್ಟಗೆ ಮಾಡಿ ಕೂತರು. ಕನಕ ಹಾಡಿದಳು. ಐದಕ್ಕೆ ಐದು ನಿಮಿಷವಿರುವಾಗ ನವ್ಯಾ ಗಡಿಯಾರ ನೋಡಿದಳು. ಪುಟ್ಟಲಿಂಗಪ್ಪ ಆಕಳಿಸಿದ.

ಸಂಕ್ರಾಂತಿ ಬಂದೇಬಿಟ್ಟಿತು. ಬೆಳಿಗ್ಗೆ ಪುಟ್ಟಲಿಂಗಪ್ಪನ ಪಾಠ ನಡೆದಿತ್ತು. ಬಾಗಿಲಾಚೆ ಏನೋ ಎಳೆದ ಸದ್ದಾಗಿ ಕನಕ ತೆರೆದು ನೋಡಿದಳು.

ಭಾಗವತರು ಗೋಡೆಯ ವೇಳಾಪಟ್ಟಿಯನ್ನು ನಾಲ್ಕನೆಯ ಬಣ್ಣದವರೆಗೂ ಓದುತ್ತಿದ್ದರು. ಜಗಲಿಯ ಎರಡು ಹೂಕುಂಡಗಳು ಆಗಲೇ ಅಂಗಳಕ್ಕೆ ಇಳಿದಿದ್ದವು. ಓದಿ ಮುಗಿಸಿ, ಆ ಖಾಲಿ ಜಾಗದಲ್ಲಿ ಗೋಡೆಗೆ ಒರಗಿ ಕೂತರು. ಚೀಲದಿಂದ ಅವರೆಕಾಯಿ ತೆಗೆದು ಪಂಚೆಯ ಮೇಲೆ ಸುರಿದುಕೊಂಡರು.

"ಗುರುಗಳೇ, ಒಳಗೆ ಬನ್ನಿ. ನಿಮ್ಮ ಮಣೆ ಹಾಕಿಟ್ಟಿದೀನಿ," ಎಂದಳು ಕನಕ. "ನನ್ನ ಪಾಠ ಹೇಗಿದೆ ಅಂತ ಪರೀಕ್ಷೆ ಮಾಡ್ತೀನಿ ಅಂದಿದ್ರಲ್ಲ."

"ಒಳಗೆ ಪಾಠ ನಡೀತಿದೆಯಲ್ಲಮ್ಮ."

"ಪುಟ್ಟಲಿಂಗಪ್ಪನವರದು. ಅವರು ಕಾಯ್ತಾರೆ."

"ಅವನ್ಯಾಕೆ ಕಾಯ್ಬೇಕು? ಅವನದು ಆಗ್ಲೇ ಶುರುವಾಗಿದೆ."

ಅಷ್ಟರಲ್ಲಿ ನವ್ಯಾ ಬಂದಳು, ತನ್ನ ಹೊತ್ತಿಗೆ ಅರ್ಧ ಗಂಟೆ ಮುಂಚೆ. ಹಬ್ಬದ ಎಳ್ಳುಬೆಲ್ಲ ಬೀರಲು ಹೊರಟವಳು. ಕನಕಳನ್ನು ಕಂಡು ಅಂಗಳದಲ್ಲೇ ಹೆದರಿ ನಿಂತಳು.

ಭಾಗವತರು ಇನ್ನೊಂದು ಕುಂಡವನ್ನು ಪಕ್ಕಕ್ಕೆ ಸರಿಸಿದರು. ನವ್ಯಾ ಅಲ್ಲಿ ಕೂತಳು. ಅವಳ ಲಂಗದ ಮೇಲೂ ಒಂದು ಹಿಡಿ ಅವರೆಕಾಯಿ ಬಿತ್ತು.

ಕನಕ ಹೊಸ್ತಿಲಲ್ಲೇ ನಿಂತಿದ್ದಳು. ಭಾಗವತರು ತಲೆಯೆತ್ತದೆ ಹೇಳಿದರು:

"ನೀನು ಒಳಗೆ ಹೋಗಿ ಪಾಠ ಮಾಡು ತಾಯಿ. ಬಾಗಿಲು ಮಾತ್ರ ಹಾಕ್ಕೋಬೇಡ, ನಮ್ಮ ಸರದಿ ಬರೋದು ಇನ್ನೂ ತಡ ಇದೆ."