ಕೊಕ್ಕರೆಯ ಗಂಟಲೂ ಗಿಳಿಯ ಉಚ್ಚಾರವೂ

ಅವಸರದಲ್ಲಿ ಮೀನು ನುಂಗಿದ ಕೊಕ್ಕರೆಯೊಂದರ ಗಂಟಲಿಗೆ ಮುಳ್ಳು ಸಿಕ್ಕಿಕೊಂಡಿತು. ಉಸಿರು ಕಟ್ಟಿ, ಕಣ್ಣು ಕಣ್ಣು ಬಿಡುತ್ತ ಅದು ಮರಕುಟಿಗ ಡಾಕ್ಟರ ಪೊಟರೆಗೆ ಓಡಿತು. ಬಾಗಿಲಿಗೆ ಅಡ್ಡವಾಗಿ ಗಿಳಿ ಕೂತಿತ್ತು.

"ಯಾರನ್ನು ನೋಡಬೇಕು?"

ಕೊಕ್ಕರೆ ಗಂಟಲು ತೋರಿಸಿತು.

"ತೋರಿಸಿದರೆ ಆಗದು. ಗಂಟಲಿನ ಡಾಕ್ಟರು ಎಂದರೂ ನಡೆಯದು. ಬಿಡಿಸಿ ಹೇಳಬೇಕು: ಓ-ಟೋ-ರೈ-ನೋ-ಲ್ಯಾ-ರಿಂ-ಗಾ-ಲ-ಜಿಸ್ಟ್. 'ಗಾ' ಒಂದನ್ನೇ ಒತ್ತಿ ಹೇಳಬೇಕು. ತಪ್ಪಿದರೆ ಮತ್ತೆ ಮೊದಲಿಂದ!"

ಕೊಕ್ಕರೆ "ಓ" ಎಂದು ಕೆಮ್ಮಿತು.

"ಅಯ್ಯೋ, 'ಓ' ಒತ್ತಿಬಿಟ್ಟೆಯಲ್ಲ! ಇನ್ನೊಮ್ಮೆ."

ಇನ್ನೊಮ್ಮೆ, ಮತ್ತೊಮ್ಮೆ ಎನ್ನುವಷ್ಟರಲ್ಲಿ ಕೊಕ್ಕರೆಗೆ ಕಣ್ಣು ಕತ್ತಲಿಟ್ಟಿತು. ಸಾಯುವುದೇ ಆದರೆ ಉಚ್ಚಾರವಾದರೂ ಸರಿಯಾಗಿರಲಿ ಎಂದುಕೊಂಡು, ತಡವರಿಸುತ್ತ "ರಿಂ" ತನಕ ಬಂದು, ಇದ್ದಬದ್ದ ಉಸಿರನ್ನೆಲ್ಲ "ಗಾ" ಮೇಲೆ ಹಾಕಿತು. ಮುಳ್ಳು ಬಾಣದ ಹಾಗೆ ಹಾರಿ, ಭೇಷ್ ಎನ್ನಲು ತೆರೆದಿದ್ದ ಗಿಳಿಯ ಬಾಯೊಳಗೆ ಹೊಕ್ಕು ಗಂಟಲಿಗೆ ನಾಟಿತು.

ಗಿಳಿ ಪಟಪಟ ರೆಕ್ಕೆ ಬಡಿಯುತ್ತ ಗಂಟಲು ತೋರಿಸಿತು.

ಕೊಕ್ಕರೆ ಬಾಗಿಲಿಗೆ ಅಡ್ಡ ಬಂದು ಒಂಟಿಕಾಲಲ್ಲಿ ನಿಂತಿತು.

"ತೋರಿಸಿದರೆ ಆಗದು, ಗುರುಗಳೇ. ನಿಧಾನವಾಗಿ ಬಿಡಿಸಿ ಹೇಳಿ. ನನಗೀಗ ಏನೂ ಅವಸರವಿಲ್ಲ."