ಬ್ರೇಕ್ ಇಲ್ಲದ ಸೈಕಲ್ಲು

"ಗುರುಗಳೇ, ಮಠಕ್ಕೆ ಬಂದ ಹೊಸದರಲ್ಲಿ ನನಗೆ ಯಾವುದಕ್ಕೂ ಭಯವಿರಲಿಲ್ಲ. ಈಗ ಹೊಳೆಯಾಚೆಯ ಶಾಖಾಮಠವನ್ನು ಒಬ್ಬನೇ ನಡೆಸು ಎನ್ನುತ್ತೀರಿ. ಎದೆ ನಡುಗುತ್ತದೆ. ಇದ್ದ ಧೈರ್ಯ ಎಲ್ಲಿ ಹೋಯಿತು?"

ಶಿಷ್ಯ ಊರಿಗೆ ಮರಳಲು ಗಂಟು ಕಟ್ಟಿಕೊಂಡೇ ಬಂದಿದ್ದ. ಗುರು ಗಂಟನ್ನು ನೋಡಿದರು. ಕೂರು ಎಂದರು. ಹೇಳತೊಡಗಿದರು.

ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಹರೆಯದಲ್ಲಿ ಅವನು ತಾನೇ ಒಂದು ಸೈಕಲ್ಲು ಮಾಡಿಕೊಂಡಿದ್ದ. ಗುಜರಿಯ ಫ್ರೇಮು, ಬೇರೆ ಬೇರೆ ಸೈಕಲ್ಲಿನ ಗಾಲಿಗಳು. ಕಲ್ಲುದಾರಿಯಲ್ಲಿ ಜಾರಬಾರದೆಂದು ಗಾಲಿಗೆ ಹಗ್ಗ ಸುತ್ತಿದ್ದ. ಹಗ್ಗಕ್ಕೆ ತಾಗುತ್ತದೆಂದು ಬ್ರೇಕ್ ಕಿತ್ತುಹಾಕಿದ್ದ. ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಬೋಳುಗುಡ್ಡದ ನೆತ್ತಿಯಿಂದ ಗಾಡಿಜಾಡು ಹಿಡಿದು ಇಳಿಯುತ್ತಿದ್ದ. ಕೆಳಗೆ ಜನ ನಿಂತು ನೋಡುತ್ತಿದ್ದರು. ಗಟ್ಟಿ ಎದೆಯವನು ಎಂದರು. ಅವನೂ ನಂಬಿದ.

ವಯಸ್ಸಾಯಿತು. ಅಂಜಿಕೆ ಬಂತು. ಒದ್ದೆ ಮೆಟ್ಟಿಲು ಇಳಿಯಲೂ ಅಂಜಿಕೆ. ತಾನು ಹೇಡಿಯಾದೆ ಎಂಬ ಕೊರಗಿನಲ್ಲಿ ಊಟ ಸೇರದಾಯಿತು. ಕೊನೆಗೆ ಒಂದು ತೀರ್ಮಾನಕ್ಕೆ ಬಂದ. ಅದೇ ಸೈಕಲ್ಲನ್ನು ಮತ್ತೆ ಮಾಡುತ್ತೇನೆ. ಅದೇ ಗುಡ್ಡ ಇಳಿಯುತ್ತೇನೆ. ಇಳಿದರೆ ನಾನು ಹಳೆಯ ಮನುಷ್ಯನೇ.

ಗುಜರಿ ಹುಡುಕಿದ. ನೆನಪಿದ್ದಂತೆ ಕಟ್ಟಿದ. ಹಳೆಯದರ ಹ್ಯಾಂಡಲ್ಲು ಎಡಕ್ಕೆ ಎಳೆಯುತ್ತಿತ್ತು. ಇದನ್ನೂ ಹಾಗೆಯೇ ಬಗ್ಗಿಸಿದ. ಹಗ್ಗ ಸುತ್ತಿದ. ಬ್ರೇಕ್ ಹಾಕಲಿಲ್ಲ. ಗುಡ್ಡಕ್ಕೆ ತಳ್ಳಿಕೊಂಡು ಹೋದ.

ಹಳೆಯ ಗೆಳೆಯ ಅದೇ ಊರಿನಲ್ಲಿ ಮಡಕೆ ಮಾಡಿಕೊಂಡಿದ್ದ. ಸುದ್ದಿ ಕೇಳಿ ಏದುಸಿರು ಬಿಡುತ್ತ ಹತ್ತಿ ಬಂದ. ವ್ಯಾಪಾರಿ ಸೀಟಿನ ಮೇಲೆ ಕೂತಿದ್ದ. ಕಾಲು ನೆಲ ಬಿಡುತ್ತಿರಲಿಲ್ಲ.

"ಬ್ರೇಕ್ ಎಲ್ಲೋ?" ಎಂದ ಕುಂಬಾರ.

"ಆಗ ಇತ್ತೇನೋ?"

"ಇರಲಿಲ್ಲವೇನೋ ಮುಠ್ಠಾಳ! ನಾನೇ ಕಣೋ ಬ್ರೇಕು. ಹಿಂದೆ ಕೂತು ಎರಡೂ ಕಾಲು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದೆ. ಟೈರಿನ ಚಪ್ಪಲಿ ಕೂಡ ಸವೆದುಹೋಗಿ ಅಪ್ಪನ ಕೈಲಿ ಒದೆ ತಿಂದೆ. ಜನ ಹೊಗಳಿದ್ದು ನಿನ್ನನ್ನು."

"ನೀನು ಹೇಳಲೇ ಇಲ್ಲವಲ್ಲೋ."

"ನೀನು ಹಿಂದಕ್ಕೆ ತಿರುಗಿದ್ದರೆ ತಾನೆ!"

ವ್ಯಾಪಾರಿ ಈಗ ತಿರುಗಿ ಹಿಂದಿನ ಕ್ಯಾರಿಯರ್ ನೋಡಿದ. ಆಮೇಲೆ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ಧೈರ್ಯ ಅವನದಾಗಿರಲೇ ಇಲ್ಲ. ಅಂದಮೇಲೆ ಅವನು ಕಳೆದುಕೊಂಡದ್ದೂ ಇಲ್ಲ. ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿಟ್ಟಂತಾಯಿತು.

"ಹಾಗಾದರೆ ಹತ್ತು ಹಿಂದೆ" ಎಂದ.

"ನನ್ನ ಮಂಡಿ ಹೋಗಿದೆ ಮಾರಾಯ. ಹಗ್ಗ ಬಿಚ್ಚಿ ಬ್ರೇಕ್ ಹಾಕಿಸಿಕೊಂಡು ಬಾ."

ಇಬ್ಬರೂ ಸೈಕಲ್ಲು ಹಿಡಿದುಕೊಂಡು ನಡೆದೇ ಇಳಿದರು. ಅಂದು ಮನೆಯಲ್ಲಿ ವ್ಯಾಪಾರಿ ಕೇಳಿ ಬಡಿಸಿಕೊಂಡು ಉಂಡ.

ಗುರು ಇಷ್ಟು ಹೇಳಿ ನಿಲ್ಲಿಸಿದರು.

"ಹಾಗಾದರೆ ಇಷ್ಟು ವರ್ಷ ನನ್ನ ಹಿಂದೆ ಕೂತು ಹಿಡಿದವರು ನೀವು" ಎಂದ ಶಿಷ್ಯ. "ಈಗ ನಾನು ಒಬ್ಬನೇ ಹೇಗೆ ಇಳಿಯಲಿ?"

ಗುರು ಹೇಳಿದರು: "ನಿನಗೆ ಭಯ ಬಂತಲ್ಲ, ಅದೇ ನಿನ್ನ ಬ್ರೇಕು. ಇನ್ನು ನಾನು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತೇನೆ."