ರೀಸೆಟ್ ತಂತಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮರಿಸ್ವಾಮಯ್ಯ ಎಂಬ ಗುರುಗಳು. ಜಪ ಮಾಡಿಸುವುದಕ್ಕಿಂತ ಬೆಸುಗೆ ಹಾಕಿಸುವುದರಲ್ಲೇ ಅವರಿಗೆ ಆಸಕ್ತಿ ಹೆಚ್ಚು.

ಅವರ ಶಿಷ್ಯೆ ವನಮಾಲ ಒಂದು ಯಂತ್ರ ಮಾಡಿದ್ದಳು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟು ಹೊಳೆ ಏರಿದರೆ ಸ್ನಾನಘಟ್ಟದ ಮೆಟ್ಟಿಲ ಬಳಿ ಸೈರನ್ ಕೂಗಬೇಕು, ಬಟ್ಟೆ ಒಗೆಯುವವರು ಮೇಲೆ ಬರಬೇಕು. ಆ ಯಂತ್ರಕ್ಕೆ ಬುದ್ಧಿ ಎಂದರೆ ಹುಣಸೆಬೀಜದಷ್ಟು ದೊಡ್ಡದೊಂದು ಚಿಪ್.

ಒಂದು ದಿನ ನೀರು ಏರಿತು. ಸೈರನ್ ಕೂಗಲಿಲ್ಲ. ಬಟ್ಟೆ ಒಗೆಯುತ್ತಿದ್ದ ದೊಡ್ಡತಾಯಮ್ಮನ ಗಂಟು ಕಣ್ಣೆದುರೇ ಕೊಚ್ಚಿಕೊಂಡು ಹೋಯಿತು. ಆಕೆ ಉಳಿದದ್ದೇ ಪುಣ್ಯ.

ವನಮಾಲ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ಪೆಟ್ಟಿಗೆ ತೆರೆದಳು, ರೀಸೆಟ್ ಗುಂಡಿ ಒತ್ತಿದಳು. ಯಂತ್ರ ಮೊದಲಿನಿಂದ ಶುರುವಾಗಿ ಏನೂ ಆಗಿಲ್ಲವೆಂಬಂತೆ ಕೂಗತೊಡಗಿತು.

"ಏನಾಗಿತ್ತಮ್ಮ ಅದಕ್ಕೆ?" ಎಂದರು ಗುರುಗಳು.

"ಗೊತ್ತಿಲ್ಲ ಗುರುಗಳೇ. ಈಗ ಸರಿಹೋಯ್ತು."

"ಏನಾಗಿತ್ತು ಅಂತ್ಲೇ ಗೊತ್ತಿಲ್ಲ. ಸರಿಹೋಯ್ತು ಅಂತ ಹೆಂಗೆ ಗೊತ್ತಾಯ್ತು?"

ವನಮಾಲ ಪೆಟ್ಟಿಗೆಯೊಳಗಿನ ಚಿಪ್ ತೋರಿಸಿದಳು.

"ಒಳಗೆ ನೋಡೋಕೆ ಡಿಬಗರ್ ಬೇಕು ಗುರುಗಳೇ. ಓಡ್ತಿರೋ ಚಿಪ್‌ನ ಇದ್ದಲ್ಲೇ ತಡೆದು, ಒಳಗೇನು ನಡೀತಿದೆ ಅಂತ ತೋರಿಸುತ್ತಲ್ಲ, ಅದು. ದೊಡ್ಡ ಕಂಪನಿಯೋರ ಹತ್ರ ಇರುತ್ತೆ. ಬೆಲೆ ಕೇಳಿದ್ರೇ ತಲೆ ತಿರುಗುತ್ತೆ."

"ಚಿಪ್ ಮಾಡಿದೋರು ಅದರ ಕಾಲಲ್ಲೇ, ಆ ಪಿನ್ನುಗಳಲ್ಲೇ, ಒಂದು ಬಾಗಿಲು ಬಿಟ್ಟವ್ರೆ. ಅದನ್ನ ತಟ್ಟೋಕೂ ದೊಡ್ಡ ಕಂಪನಿಯೋರೇ ಬರಬೇಕಾ?"

ಅವರು ಒಂದು ಪುಟ್ಟ ಅಗ್ಗದ ಬೋರ್ಡನ್ನು ಅವಳ ಕೈಗಿಟ್ಟರು. ಶಾಲೆಯ ಮಕ್ಕಳು ದೀಪ ಮಿನುಗಿಸಿ ಕಲಿಯಲು ಬಳಸುವಂಥದ್ದು.

ವನಮಾಲ ಪಟ್ಟು ಹಿಡಿದು ಕೂತಳು. ಬೋರ್ಡಿಗೆ ಪ್ರೋಗ್ರಾಂ ತುಂಬಿದಳು, ತಂತಿಗಳನ್ನು ಬೆಸೆದಳು. ಚಿಪ್ ಜೊತೆ ಮಾತಾಡಲು ಎರಡು, ಗ್ರೌಂಡಿಗೆ ಒಂದು, ರೀಸೆಟ್ಟಿಗೆ ಇನ್ನೊಂದು. ಅಂಗೈಯಗಲದ ಡಿಬಗರ್ ತಯಾರಾಯಿತು.

ಸ್ವಲ್ಪ ದಿನದಲ್ಲೇ ಯಂತ್ರ ಮತ್ತೆ ಮೂಕವಾಯಿತು. ಅವಳು ಡಿಬಗರ್ ಜೋಡಿಸಿ ಲ್ಯಾಪ್‌ಟಾಪ್ ನೋಡಿದಳು. ಚಿಪ್ ಪ್ರೋಗ್ರಾಮಿನ ಮೊಟ್ಟಮೊದಲ ಸಾಲಿನಲ್ಲಿ ನಿಂತಿತ್ತು, ಈಗಷ್ಟೇ ಹುಟ್ಟಿದ ಕೂಸಿನ ಹಾಗೆ. ಕೆಟ್ಟಿರುವ ಗುರುತೇ ಇಲ್ಲ.

ಅವಳಿಗೆ ಅಳು ಬಂತು.

"ನನ್ನ ಡಿಬಗರೂ ಸರಿಯಿಲ್ಲ. ಈ ಯಂತ್ರಾನೇ ಕಿತ್ತುಹಾಕ್ತೀನಿ ಗುರುಗಳೇ. ಇದನ್ನ ನಂಬ್ಕೊಂಡು ಜನ ನೀರಿಗಿಳೀತಾರೆ. ಯಾರಾದ್ರೂ ಹೋದ್ರೆ ನಾನು ಹೆಂಗೆ ಬದುಕಲಿ?"

ಗುರುಗಳು ಕಟಿಂಗ್ ಪ್ಲೇಯರ್ ತೆಗೆದುಕೊಂಡು ಡಿಬಗರಿನ ರೀಸೆಟ್ ತಂತಿಯನ್ನು ಕಚಕ್ಕನೆ ಕತ್ತರಿಸಿದರು.

"ಅಯ್ಯೋ! ಅದನ್ಯಾಕೆ ಕತ್ತರಿಸಿದ್ರಿ?"

"ಗುಂಡಿ ಒತ್ತೋ ನಿನ್ನ ಚಾಳೀನ ಇದಕ್ಕೂ ಕಲಿಸಿಬಿಟ್ಟಿದ್ದೀಯಲ್ಲ."

ವನಮಾಲ ನಾಲಿಗೆ ಕಚ್ಚಿಕೊಂಡಳು. ಜೋಡಿಸಿದ ಕೂಡಲೇ ಮೊದಲು ರೀಸೆಟ್ ಮಾಡು ಎಂದು ಡಿಬಗರಿಗೆ ಬರೆದುಕೊಟ್ಟವಳು ಅವಳೇ; ಚಿಪ್ ಎಲ್ಲಿ ಸಿಕ್ಕಿಬಿದ್ದಿತ್ತು ಎಂಬ ಗುರುತು ನೋಡುವ ಮೊದಲೇ ಹೋಗಿಬಿಟ್ಟಿತ್ತು. ರೀಸೆಟ್ಟಿನ ಆ ಸಾಲನ್ನೂ ಅಳಿಸಿದಳು.

ಒಂದು ಬೆಳಗ್ಗೆ ಹೊಳೆಯ ಬಣ್ಣ ಬದಲಾಯಿತು. ಕೆಂಪು ನೀರು ಮೆಟ್ಟಿಲು ಹತ್ತತೊಡಗಿತು. ಕೆಳಗೆ ದೊಡ್ಡತಾಯಮ್ಮ ಮತ್ತು ಅವಳ ಜೊತೆಯವರು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬಟ್ಟೆ ಕುಕ್ಕುತ್ತಿದ್ದರು. ಸೈರನ್ ಸುಮ್ಮನಿತ್ತು.

ವನಮಾಲಳ ಕೈ ಗುಂಡಿಯ ಮೇಲೆ ಹೋಯಿತು.

"ಒತ್ತಬೇಡ!" ಎಂದು ಗುರುಗಳು ಕೂಗಿದರು. "ಅವರನ್ನ ನಾನು ಕರೀತೀನಿ. ನೀನು ನೋಡು."

ಪಂಚೆ ಎತ್ತಿ ಕಟ್ಟಿ ಮೆಟ್ಟಿಲು ಇಳಿದು ಓಡಿದರು, ಆ ವಯಸ್ಸಿನಲ್ಲಿ. "ಮೇಲೆ ಬರ್ರವ್ವಾ! ಗಂಟು ಬಿಟ್ಟು ಬರ್ರೀ!"

ವನಮಾಲ ಡಿಬಗರಿನ ಮೂರು ತಂತಿ ಸಿಕ್ಕಿಸಿ, ಚಿಪ್ ತಡೆದಳು.

ಅದು ನಡುವಿನ ಒಂದು ಸಾಲಿನಲ್ಲಿ ನಿಂತಿತ್ತು. ಬಿಟ್ಟಳು, ಮತ್ತೆ ತಡೆದಳು. ಅದೇ ಸಾಲು.

ನೀರಿನ ಮಟ್ಟ ಎಷ್ಟು ಎಂದು ಅದು ಸೆನ್ಸರನ್ನು ಕೇಳಿತ್ತು. ಏರಿದ ನೀರು ತಂತಿಯ ಜಾಯಿಂಟಿಗೆ ತಾಗಿ ಆ ಒಂದು ಉತ್ತರ ತಪ್ಪಿಹೋಗಿತ್ತು. ಉತ್ತರ ಬರುವ ತನಕ ಬೇರೇನೂ ಮಾಡಬೇಡ ಎಂದು ಅದಕ್ಕೆ ಬರೆದಿದ್ದವಳು ವನಮಾಲ. ಅದು ಬೇರೇನೂ ಮಾಡಿರಲಿಲ್ಲ. ಬಂತಾ, ಬಂತಾ ಎಂದು ಕಣ್ಣು ಮಿಟುಕಿಸುವುದರೊಳಗೆ ಲಕ್ಷ ಸಲ ನೋಡುತ್ತ ಕಾದಿತ್ತು.

ಅವಳ ಮೈ ಜುಮ್ಮೆಂದಿತು. ಎದುರಿಗಿದ್ದದ್ದು ತನ್ನದೇ ಮಾತು. ಅದನ್ನು ಇಷ್ಟು ನಿಷ್ಠೆಯಿಂದ ಯಾರೂ ಎಂದೂ ಪಾಲಿಸಿರಲಿಲ್ಲ.

ಅವಳು ಮೆಟ್ಟಿಲ ಕಡೆ ನೋಡಿದಳು. ನೀರು ಎಲ್ಲಿಗೆ ಬಂದಿದೆ ಎಂದು ಕಣ್ಣಲ್ಲೇ ಅಳೆದು, ಆ ಅಂಕಿಯನ್ನು ಡಿಬಗರ್ ಮೂಲಕ ತಾನೇ ಚಿಪ್‌ನ ಒಳಗೆ ಬರೆದಳು. ನಡಿ ಎಂದು ಬಿಟ್ಟಳು.

ಸೈರನ್ ಆಚೆ ದಡಕ್ಕೂ ಕೇಳುವಂತೆ ಕೂಗಿತು.

ಗುರುಗಳು ಏದುಸಿರು ಬಿಡುತ್ತ ಮೇಲೆ ಬಂದರು. ಹಿಂದೆಯೇ ದೊಡ್ಡತಾಯಮ್ಮ ಸೆರಗು ಹಿಂಡುತ್ತ, ಹೊಳೆಗೂ ಅಣೆಕಟ್ಟೆಯವರಿಗೂ ಸೇರಿಸಿ ಬಯ್ಯುತ್ತ ಬಂದಳು. ಎಲ್ಲರೂ ಬಂದಿದ್ದರು.

"ಇದು ಕೆಟ್ಟೇ ಇರಲಿಲ್ಲ ಗುರುಗಳೇ," ಎಂದಳು ವನಮಾಲ. "ನಾನು ಹೇಳಿದ್ದಕ್ಕೇ ಕಾಯ್ತಾ ನಿಂತಿತ್ತು."

ಗುರುಗಳು ಬಗ್ಗಿ ಆ ಸಾಲನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಜಾಯಿಂಟಿಗೆ ನೀರು ಹೋಗದ ಹಾಗೆ ಅಂಟು ಹಾಕ್ತೀನಿ," ಎಂದಳು ಅವಳು. "ಆಮೇಲೆ, ಇಷ್ಟು ಹೊತ್ತು ಉತ್ತರ ಬರದಿದ್ರೆ ಕಾಯೋದು ಬಿಟ್ಟು ಕೂಗಿಬಿಡು ಅಂತ ಬರೀಬೇಕು. ಎಷ್ಟು ಹೊತ್ತು ಅಂತ ಬರೀಲಿ ಗುರುಗಳೇ?"

ಗುರುಗಳು ಹೊಳೆಯನ್ನೇ ನೋಡುತ್ತ ಹೇಳಿದರು:

"ನಿಮ್ಮವ್ವ ನೀರಲ್ಲಿ ನಿಂತವ್ಳೆ ಅಂದ್ಕೊಂಡು ಬರಿ."